ನಗರ ದಂಗೆ: ಹಿನ್ನೆಲೆ, ಕಾರಣ ಮತ್ತು ಪರಿಣಾಮ

1830-31ರಲ್ಲಿ ಮೈಸೂರು ಸಂಸ್ಥಾನದ ಮಲೆನಾಡಿನ ರೈತರು ಸರ್ಕಾರದ ವಿರುದ್ಧ ಸಿಡಿದೆದ್ದ ಘಟನೆ ಇತಿಹಾಸದಲ್ಲಿ ‘ನಗರ ದಂಗೆ’ ಎಂದು ಹೆಸರಾಗಿದೆ. ಇಲ್ಲಿ ನಗರವೆಂದರೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಅದನ್ನು ಗೆದ್ದ ಹೈದರಾಲಿ ಹೈದರನಗರ ಎಂದು ಹೆಸರಿಟ್ಟ. ಇಂದು ಅದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದೆ. ದಂಗೆ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಅದನ್ನೇ ನೆಪ ಮಾಡಿಕೊಂಡ ಬ್ರಿಟಿಷರು ಇಡೀ ಸಂಸ್ಥಾನದ ಆಡಳಿತವನ್ನು ಅರ್ಧ ಶತಮಾನ ಕಾಲ ತಮ್ಮ ಕೈಯಲ್ಲಿಟ್ಟುಕೊಂಡರು.

ಪೊಗದಿಯ ಹೊರೆ

ದಂಗೆಯ ಬೇರು 1799ರ ಒಪ್ಪಂದದಲ್ಲಿದೆ. ಟಿಪ್ಪುವಿನ ಪತನಾನಂತರ ಒಡೆಯರ್ ಮನೆತನಕ್ಕೆ ರಾಜ್ಯ ಮರಳಿಸಿದ ಈಸ್ಟ್ ಇಂಡಿಯಾ ಕಂಪನಿ, ತನ್ನ ಸೈನ್ಯದ ವೆಚ್ಚಕ್ಕೆಂದು ವರ್ಷಕ್ಕೆ 7 ಲಕ್ಷ ವರಹ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಪೊಗದಿ ವಿಧಿಸಿತು. ಮಳೆ ಬಂದರೂ ಬಾರದಿದ್ದರೂ, ಧಾನ್ಯದ ಬೆಲೆ ಏರಿದರೂ ಇಳಿದರೂ ಈ ಮೊತ್ತ ಬದಲಾಗುವಂತಿರಲಿಲ್ಲ. ಪೊಗದಿಗೆ ಧಕ್ಕೆಯಾಗುವ ಸಂಭವವಿದ್ದರೆ ಅಗತ್ಯವಿದ್ದಷ್ಟು ಪ್ರದೇಶವನ್ನು ಕಂಪನಿಯೇ ವಹಿಸಿಕೊಳ್ಳಬಹುದೆಂಬ ಕರಾರೂ ಇತ್ತು.

ದಿವಾನ್ ಪೂರ್ಣಯ್ಯನವರು 1811ರಲ್ಲಿ ಅಧಿಕಾರದಿಂದ ನಿವೃತ್ತರಾದಾಗ ಬೊಕ್ಕಸ ತುಂಬಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದಾನ, ದತ್ತಿ ಹಾಗೂ ಅರಮನೆಯ ವೆಚ್ಚಗಳಿಂದ ಅದು ಕರಗಿತು. ಆದಾಯ ಹೆಚ್ಚಿಸುವುದು ಅನಿವಾರ್ಯವಾಯಿತು.

ಶರತ್ತು ಪದ್ಧತಿ

ಇದಕ್ಕೆ ಕಂಡುಕೊಂಡ ದಾರಿಯೇ ‘ಶರತ್ತು’. ತನ್ನ ತಾಲ್ಲೂಕಿನಿಂದ ಇಂತಿಷ್ಟು ಕಂದಾಯ ಎತ್ತಿಕೊಡುವುದಾಗಿ ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕಿತ್ತು. ಕಡಿಮೆಯಾದರೆ ಆತನೇ ತುಂಬಬೇಕು. ಹೆಚ್ಚಾದರೆ ಅದು ಸರ್ಕಾರಕ್ಕೆ. ಒಪ್ಪಿಕೊಳ್ಳುವ ಮೊತ್ತ ಸಾಮಾನ್ಯವಾಗಿ ಹಿಂದಿನ ವರ್ಷಕ್ಕಿಂತ ಹೆಚ್ಚಿರುತ್ತಿತ್ತು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ, ಸರ್ಕಾರದ ಪಾಲಿನ ಧಾನ್ಯವನ್ನು ರೈತರು ಬಲವಂತವಾಗಿ ಕೊಳ್ಳುವಂತೆ ಮಾಡುವುದಿಲ್ಲ ಎಂದೂ ಮುಚ್ಚಳಿಕೆಯಲ್ಲಿ ಬರೆದಿರುತ್ತಿತ್ತು. ಆ ಮಾತು ಕಾಗದದಲ್ಲೇ ಉಳಿಯಿತು. ದೂರು ಹೋದರೂ ಕೇಳುವವರಿರಲಿಲ್ಲ.

ಮಲೆನಾಡಿನ ಅಸಮಾಧಾನ

ಈ ಪದ್ಧತಿ ಸಂಸ್ಥಾನದಾದ್ಯಂತ ಇದ್ದರೂ ಕಿಡಿ ಹೊತ್ತಿದ್ದು ನಗರ ಸೀಮೆಯಲ್ಲಿ. ಹದಿನೇಳನೆಯ ಶತಮಾನದಲ್ಲಿ ಶಿವಪ್ಪನಾಯಕ ಜಾರಿಗೆ ತಂದ ‘ಶಿಸ್ತು’ ಎಂಬ ಕಂದಾಯ ವ್ಯವಸ್ಥೆಯನ್ನು ಅಲ್ಲಿನ ಅಡಿಕೆ ತೋಟದವರು, ಗದ್ದೆಯ ಒಡೆಯರು ಮರೆತಿರಲಿಲ್ಲ. ವರ್ಷ ವರ್ಷ ಏರುವ ಬೇಡಿಕೆ ಅವರ ಕಣ್ಣಿಗೆ ನ್ಯಾಯವೆನಿಸಲಿಲ್ಲ. ಬಹುಕಾಲ ಅಲ್ಲಿ ಫೌಜುದಾರನಾಗಿದ್ದ ರಾಮರಾವ್ ಆಯಕಟ್ಟಿನ ಹುದ್ದೆಗಳಿಗೆ ತನ್ನ ಬಂಧುಗಳನ್ನೇ ತುಂಬಿದ್ದರಿಂದ, ಸ್ಥಳೀಯ ಗೌಡರಿಗೂ ಹೊರಗಿನಿಂದ ಬಂದ ಅಧಿಕಾರಿಗಳಿಗೂ ನಡುವೆ ಬಿರುಕು ಬೆಳೆದಿತ್ತು. ನಂತರದ ಆಡಳಿತವು ಹಿಂದಿನ ರಿಯಾಯಿತಿಗಳನ್ನು ಪ್ರಶ್ನಿಸಿ ಬಾಕಿ ವಸೂಲಿಗೆ ಕೈಹಾಕಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಕೂಟದಿಂದ ಕಾಳಗಕ್ಕೆ

1830ರಲ್ಲಿ ರೈತರು ‘ಕೂಟ’ಗಳಲ್ಲಿ ಸೇರಿ ಕಂದಾಯ ಕೊಡಲು ನಿರಾಕರಿಸಿದರು. ಹೊಳೆಹೊನ್ನೂರಿನಲ್ಲಿ ಸೇರಿದ್ದ ರೈತರ ಮೇಲೆ ಸಂಸ್ಥಾನದ ಪಡೆ ಎರಗಿದ ಮೇಲೆ ಮಾತುಕತೆಯ ಹಾದಿ ಮುಚ್ಚಿತು. ಕೆಳದಿ ವಂಶದವನೆಂದು ಹೇಳಿಕೊಂಡ ಬೂದಿ ಬಸಪ್ಪನಾಯಕ ಹಾಗೂ ಕಳೆದುಕೊಂಡ ಪಾಳೆಯಪಟ್ಟನ್ನು ಮರಳಿ ಪಡೆಯಬಯಸಿದ ತರೀಕೆರೆಯ ರಂಗಪ್ಪನಾಯಕ ಮುಂದಾಳುಗಳಾದರು. ರೈತರ ಗುರಿ ಕಂದಾಯ ಇಳಿಕೆ. ಮುಂದಾಳುಗಳ ಗುರಿ ಗದ್ದುಗೆ. ಸಂಸ್ಥಾನದ ಸೈನ್ಯಕ್ಕೆ ದಂಗೆ ಅಡಗಿಸಲಾಗದೆ ಕಂಪನಿಯ ಪಡೆಗಳು ಇಳಿದವು. 1831ರ ಜೂನ್‌ನಲ್ಲಿ ನಗರದ ಕೋಟೆ ಅವುಗಳ ವಶವಾಯಿತು.

ಪರಿಣಾಮ

ಅದೇ ವರ್ಷ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1799ರ ಕರಾರನ್ನು ಮುಂದಿಟ್ಟು ಇಡೀ ಸಂಸ್ಥಾನದ ಆಡಳಿತವನ್ನು ವಹಿಸಿಕೊಂಡ. ದಂಗೆಯ ಕಾರಣಗಳ ತನಿಖೆಗೆ ನೇಮಿಸಿದ ಸಮಿತಿ ವರದಿ ಕೊಟ್ಟದ್ದು 1833ರಲ್ಲಿ, ಅಂದರೆ ಆಡಳಿತ ಕೈಬದಲಾದ ನಂತರ! ಭಾಗಶಃ ರಾಜ್ಯವನ್ನು ಮಹಾರಾಜರಿಗೆ ಮರಳಿಸಲು ಬೆಂಟಿಂಕನೇ 1834ರಲ್ಲಿ ಶಿಫಾರಸು ಮಾಡಿದರೂ ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ.

ತನಿಖಾ ಸಮಿತಿಯ ಸದಸ್ಯನಾಗಿದ್ದ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ. ಆತನ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ 769. ರೈತರು ಹೊತ್ತಿದ್ದ ಭಾರಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಕಮಿಷನರ್ ಆಡಳಿತದ ಕೇಂದ್ರ ಮೈಸೂರಲ್ಲ, ಬೆಂಗಳೂರಾಯಿತು. 1860ರ ದಶಕದಲ್ಲಿ ಕಟ್ಟಿದ ಅಠಾರಾ ಕಚೇರಿ, ಅಂದರೆ ಇಂದಿನ ಹೈಕೋರ್ಟ್, ಆ ಆಡಳಿತದ ಗುರುತು. ಬೆಂಗಳೂರು ರಾಜ್ಯದ ಆಡಳಿತ ಕೇಂದ್ರವಾಗಿ ಬೆಳೆಯಲು ಮಲೆನಾಡಿನ ರೈತರ ಸಿಟ್ಟೂ ಒಂದು ಕಾರಣವೆಂಬುದು ಅನೇಕರಿಗೆ ತಿಳಿದಿಲ್ಲ.

1881ರಲ್ಲಿ ರಾಜ್ಯ ಒಡೆಯರ್ ಮನೆತನಕ್ಕೆ ಮರಳಿತು. ಆದರೆ ಎಲ್ಲಕ್ಕೂ ಮೂಲವಾಗಿದ್ದ ಪೊಗದಿ ಇಳಿಯಲಿಲ್ಲ. ಹಸ್ತಾಂತರದ ಪತ್ರ ಅದನ್ನು 35 ಲಕ್ಷ ರೂಪಾಯಿಗೆ ಏರಿಸಿತ್ತು.