ನಿಂತ ಕಾರಿನ ನಾಡಿ ಹಿಡಿದವರು

ದಾರಿಯಲ್ಲಿ ಕಾರು ನಿಂತುಹೋದರೆ ಮುಂದಿನ ಮುಚ್ಚಳವನ್ನು ಎತ್ತಿ ಒಳಗೆ ಇಣುಕುವುದು ನಮ್ಮೆಲ್ಲರ ವಾಡಿಕೆ. ಕಂಡದ್ದು ಏನೆಂದು ತಿಳಿಯದಿದ್ದರೂ ಇಣುಕುತ್ತೇವೆ. ವೈದ್ಯರು ಬರುವವರೆಗೆ ರೋಗಿಯ ಹಣೆಯನ್ನು ಮುಟ್ಟಿ ನೋಡುವ ಹಾಗೆ. ಆದರೆ ಕಾರು ಹುಟ್ಟಿದ ಮೇಲೆ ಸುಮಾರು ನೂರು ವರ್ಷಗಳ ಕಾಲ, ಹೀಗೆ ಮುಚ್ಚಳ ಎತ್ತಿದವರಲ್ಲಿ ಅನೇಕರಿಗೆ ಒಳಗೆ ಏನನ್ನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು ಎಂಬುದು ಗೊತ್ತಿತ್ತು. ಗೊತ್ತಿಲ್ಲದಿದ್ದರೆ ವಿಧಿಯಿರಲಿಲ್ಲ. ಕಾರನ್ನು ಕೊಂಡವನೇ ಅದರ ವೈದ್ಯನೂ ಆಗಬೇಕಾಗಿದ್ದ ಕಾಲ ಅದು.

ಈ ವೈದ್ಯಕ್ಕೆ ಮೊದಲು ಕೈಹಾಕಿದವಳು ಒಬ್ಬ ಗೃಹಿಣಿ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಬಂಡಿಗೆ 1886ರಲ್ಲಿ ಹಕ್ಕುಪತ್ರ ಪಡೆದ. ಆದರೆ ಅದನ್ನು ಕೊಳ್ಳುವವರು ಕಾಣಲಿಲ್ಲ. 1888ರ ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ ಆತನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಓಯ್ಗನ್ ಮತ್ತು ರಿಚರ್ಡ್ ಎಂಬ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್ ಪಟ್ಟಣದಿಂದ ಹೊರಟಳು. ಹೋಗಬೇಕಾದದ್ದು ನೂರು ಕಿಲೋಮೀಟರಿಗೂ ಮೀರಿದ ದೂರದ ಪ್ಫೋರ್ಟ್ಸ್‌ಹೈಮ್‌ಗೆ, ತಾಯಿಯ ಮನೆಗೆ. ತವರಿಗೆ ಹೊರಟ ಹೆಣ್ಣುಮಗಳನ್ನು ತಡೆಯುವವರು ಯಾರು?

ದಾರಿಯಲ್ಲಿ ಪೆಟ್ರೋಲು ಬಂಕು ಎಂಬುದು ಇಲ್ಲ. ಆ ಮಾತೇ ಇನ್ನೂ ಹುಟ್ಟಿರಲಿಲ್ಲ. ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡು ಇಂಜಿನಿಗೆ ಹೊಯ್ದರು. ಇಂಧನದ ಕೊಳವೆ ಕಟ್ಟಿಕೊಂಡಿತು; ಬರ್ತಾ ತನ್ನ ಟೋಪಿಯ ಸೂಜಿಯನ್ನು ತೂರಿಸಿ ಅದನ್ನು ಬಿಡಿಸಿದಳು. ಕಿಡಿ ಕೊಡುವ ತಂತಿಯ ಹೊದಿಕೆ ಸವೆದು ವಿದ್ಯುತ್ತು ಸೋರತೊಡಗಿತು. ಕಾಲುಚೀಲ ಬಿಗಿಯುವ ಪಟ್ಟಿಯನ್ನು ಬಿಚ್ಚಿ ಅದಕ್ಕೆ ಸುತ್ತಿದಳು. ಚೈನು ಕೆಟ್ಟಾಗ ಕಮ್ಮಾರನ ಬಳಿ ನಿಲ್ಲಿಸಿದರು. ಮರದ ಬ್ರೇಕು ಸವೆದಾಗ ಒಬ್ಬ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದರು. ಏರು ಬಂದಲ್ಲಿ ಹುಡುಗರು ಇಳಿದು ತಳ್ಳಿದರು. ಸಂಜೆಗೆ ಊರು ಸೇರಿ ಗಂಡನಿಗೆ ತಂತಿ ಕೊಟ್ಟದ್ದಾಯಿತು. ಈ ವಿವರಗಳು ಮನೆಯವರು ಮುಂದೆ ನೆನೆದು ಹೇಳಿದವು. ಹೇಳುತ್ತ ಹೇಳುತ್ತ ತುಸು ಹೊಳಪು ಬಂದಿದ್ದರೂ ಇರಬಹುದು.

ಬರ್ತಾಳ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಕೆಯ ವಿವೇಚನೆ. ಬಂಡಿ ನಿಂತಾಗ ಇಂಧನ ಬರುತ್ತಿಲ್ಲವೋ, ಕಿಡಿ ಹಾರುತ್ತಿಲ್ಲವೋ ಎಂದು ಬೇರ್ಪಡಿಸಿ ನೋಡುವುದು ಆಕೆಗೆ ತಿಳಿದಿತ್ತು. ಪೆಟ್ರೋಲು ಇಂಜಿನು ಕೇಳುವುದು ಮೂರೇ ಮೂರು: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ಆ ಮಿಶ್ರಣವನ್ನು ಒತ್ತಿ ಹಿಡಿಯಲು ಬಲ, ಸರಿಯಾದ ಗಳಿಗೆಯಲ್ಲಿ ಒಂದು ಕಿಡಿ. ಮನೆಯಂಗಳದಲ್ಲಿ ಮುಂದೆ ನಡೆದ ರೋಗನಿದಾನವೆಲ್ಲ ಈ ಮೂರನ್ನು ಒಂದೊಂದಾಗಿ ವಿಚಾರಿಸುವುದೇ ಆಗಿತ್ತು.

ಈ ವಿಚಾರಣೆಯನ್ನು ಲಕ್ಷೋಪಲಕ್ಷ ಜನಕ್ಕೆ ಕಲಿಸಿದ್ದು ಅಮೆರಿಕದ ಫೋರ್ಡ್ ಟಿ ಮಾದರಿ. 1908ರಿಂದ 1927ರವರೆಗೆ ಅಂಥ ಒಂದೂವರೆ ಕೋಟಿ ಕಾರುಗಳು ತಯಾರಾದವು. ಕೊಂಡವರಲ್ಲಿ ಬಹಳ ಮಂದಿ ರೈತರು. ಹತ್ತಿರದ ರಿಪೇರಿ ಅಂಗಡಿ ಎಷ್ಟೋ ಮೈಲಿ ದೂರ. ಕಂಪನಿಯವರು ಕಾರಿನೊಡನೆ ಕೊಡುತ್ತಿದ್ದ ಪುಸ್ತಕ ಪ್ರಶ್ನೋತ್ತರದ ಧಾಟಿಯಲ್ಲಿತ್ತು, ನಮ್ಮ ಶಾಲೆಯ ಗೈಡುಗಳ ಹಾಗೆ. ಇಂಜಿನು ಚಾಲೂ ಮಾಡಲು ಮುಂದುಗಡೆ ಹ್ಯಾಂಡಲು ತಿರುಗಿಸಬೇಕಾಗಿತ್ತು. ಹೆಬ್ಬೆರಳನ್ನು ಹಿಡಿಕೆಗೆ ಸುತ್ತದೆ ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಂಡು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಇಲ್ಲವಾದರೆ ಇಂಜಿನು ಹಿಂದಕ್ಕೆ ಒದ್ದು ಕೈ ಮುರಿಯುತ್ತಿತ್ತು. ಆ ಕಾಲವನ್ನು ಸುವರ್ಣಯುಗವೆನ್ನುವವರು ಮುರಿದ ಮಣಿಕಟ್ಟುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆಯೇ ಈ ಭಯ ಮೆಲ್ಲಗೆ ತಗ್ಗಿದ್ದು.

ಟಿ ಮಾದರಿಯ ಎರಡು ಗುಟ್ಟುಗಳನ್ನು ಇಲ್ಲಿ ಹೇಳಲೇಬೇಕು. ಅದರಲ್ಲಿ ಪೆಟ್ರೋಲು ಪಂಪು ಇರಲಿಲ್ಲ. ಸೀಟಿನ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲು ತಾನಾಗಿ ಇಂಜಿನಿಗೆ ಇಳಿಯಬೇಕು. ಟ್ಯಾಂಕಿನಲ್ಲಿ ಪೆಟ್ರೋಲು ಕಡಮೆಯಿದ್ದು ದಾರಿ ಕಡಿದಾಗಿ ಏರಿದರೆ ಇಂಜಿನಿಗೆ ಒಂದು ತೊಟ್ಟೂ ಸೇರದು. ತಿಳಿದವರು ಕಾರನ್ನು ತಿರುಗಿಸಿ ಗುಡ್ಡವನ್ನು ಹಿಮ್ಮುಖವಾಗಿ ಹತ್ತುತ್ತಿದ್ದರು! ನೋಡಿದವರಿಗೆ ಹುಚ್ಚಾಟ, ಅವರಿಗೆ ಅದು ನಿದಾನವೂ ಹೌದು, ಚಿಕಿತ್ಸೆಯೂ ಹೌದು.

ಎರಡನೆಯದು ಇನ್ನೂ ಸೊಗಸು. ಅದರ ನಾಲ್ಕು ಸಿಲಿಂಡರುಗಳಿಗೆ ನಾಲ್ಕು ಕಿಡಿಪೆಟ್ಟಿಗೆಗಳು. ಒಂದೊಂದರ ತಲೆಯ ಮೇಲೂ ಒಂದು ತೆಳು ಲೋಹದ ನಾಲಿಗೆ ದುಂಬಿಯಂತೆ ಝೇಂಕರಿಸುತ್ತಿತ್ತು. ಇಂಜಿನು ಕುಂಟುತ್ತಿದೆ, ಒಂದು ಸಿಲಿಂಡರು ಕೆಲಸ ಮಾಡುತ್ತಿಲ್ಲ ಎಂದು ಅನುಮಾನ ಬಂದರೆ, ಓಡುತ್ತಿರುವ ಇಂಜಿನಿನಲ್ಲಿಯೇ ಒಂದೊಂದು ನಾಲಿಗೆಯನ್ನೂ ಬೆರಳಿನಿಂದ ಅದುಮಿ ಹಿಡಿಯುವುದು. ಅದುಮಿದಾಗ ಇಂಜಿನಿನ ದನಿ ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರು ದುಡಿಯುತ್ತಿತ್ತೆಂದು ಅರ್ಥ. ಅದುಮಿದರೂ ದನಿ ಬದಲಾಗದಿದ್ದರೆ ಸೋಮಾರಿ ಸಿಕ್ಕಿಬಿದ್ದ ಹಾಗೆ. ಒಂದು ಬೆರಳು, ಒಂದು ಕಿವಿ; ಬೇರೆ ಉಪಕರಣ ಬೇಕಿರಲಿಲ್ಲ. ಈ ಬೆರಳಿನ ಪರೀಕ್ಷೆಯನ್ನು ಓದುಗರು ಮರೆಯದೆ ಇಟ್ಟುಕೊಂಡಿರಬೇಕು.

ಕಾರುಗಳು ಜಟಿಲವಾದಂತೆ ಕಂಪನಿಗಳ ಕೈಪಿಡಿಗಳು ಮಾಲೀಕನನ್ನು ಬಿಟ್ಟು ಕಾರ್ಖಾನೆಯ ನುರಿತ ಕೆಲಸಗಾರನನ್ನು ಉದ್ದೇಶಿಸತೊಡಗಿದವು. ಆ ಕೊರತೆಯನ್ನು ತುಂಬಿದವನು ಜಾನ್ ಹೇನ್ಸ್ ಎಂಬ ಇಂಗ್ಲಿಷಿನವನು. 1938ರಲ್ಲಿ ಸಿಂಹಳದಲ್ಲಿ ಹುಟ್ಟಿ ಅಲ್ಲಿನ ಟೀ ತೋಟದಲ್ಲಿ ಬೆಳೆದವನು. ಬ್ರಿಟಿಷ್ ವಾಯುಪಡೆಯಲ್ಲಿದ್ದು ಏಡನ್ನಿಗೆ ಹೋದಾಗ, ಗೆಳೆಯನೊಬ್ಬನ ಹಳೆಯ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರನ್ನು ಸರಿಪಡಿಸಲು ನಿಂತ. ಕಂಪನಿಯ ಕೈಪಿಡಿ ಸಾಮಾನ್ಯರ ಉಪಯೋಗಕ್ಕೆ ಬರುವಂತಿರಲಿಲ್ಲ. ಒಂದು ಕ್ಯಾಮರಾ ಕೊಂಡು, ಪ್ರತಿ ಭಾಗವನ್ನೂ ಬಿಚ್ಚುವಾಗ ಮತ್ತು ಜೋಡಿಸುವಾಗ ಚಿತ್ರ ತೆಗೆದ. 1966ರಲ್ಲಿ ಹೊರಬಂದ ಆ ಪುಸ್ತಕದ 3000 ಪ್ರತಿಗಳು ಮೂರು ತಿಂಗಳೊಳಗೆ ಖರ್ಚಾದವು. ಮುಂದೆ ನೂರಾರು ಮಾದರಿಗಳಿಗೆ ಇಂಥ ಪುಸ್ತಕಗಳು ಬಂದವು. ಕಾರನ್ನು ತಾವೇ ಬಿಚ್ಚಿ ಜೋಡಿಸಿದ ಮೇಲೆಯೇ ಬರೆಯುವುದೆಂಬುದು ಅವರ ಪದ್ಧತಿ. ಅಡಿಗೆ ಮಾಡದೆ ಪಾಕಶಾಸ್ತ್ರ ಬರೆಯುವವರು ಇದನ್ನು ಗಮನಿಸಬಹುದು.

ನಮ್ಮ ದೇಶದಲ್ಲಿ ಈ ವಿದ್ಯೆ ಪುಸ್ತಕದಿಂದ ಬಂದದ್ದು ಕಡಮೆ. 1950ರ ದಶಕದಿಂದ 1980ರ ದಶಕದವರೆಗೆ ಇಲ್ಲಿ ದೊರೆಯುತ್ತಿದ್ದ ಕಾರುಗಳು ಬೆರಳೆಣಿಕೆಯಷ್ಟು: ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಬಂದ ಕಾರನ್ನು ಜೋಪಾನವಾಗಿ ಬಾಳಿಸಬೇಕು. ಮಾದರಿಗಳು ಕೆಲವೇ ಆದ್ದರಿಂದ ಬಿಡಿಭಾಗ ಊರೂರಲ್ಲೂ ಸಿಕ್ಕುತ್ತಿತ್ತು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಂತೂ ಸಿಕ್ಕದ್ದಿಲ್ಲ. ಒಂದು ಕಾರಿನಲ್ಲಿ ಕಲಿತದ್ದು ಮುಂದಿನ ಮನೆಯ ಕಾರಿಗೂ ಸಲ್ಲುತ್ತಿತ್ತು. ಎಷ್ಟೋ ಮನೆಗಳಲ್ಲಿ ಈ ವಿದ್ಯೆ ಯಜಮಾನರದಲ್ಲ, ಡ್ರೈವರನದು ಎಂಬುದನ್ನೂ ಒಪ್ಪಿಕೊಳ್ಳೋಣ. ಕ್ಲೀನರು ಹುಡುಗನಾಗಿ ಸೇರಿ, ಪಾನಾ ಎತ್ತಿಕೊಟ್ಟು, ಬೈಸಿಕೊಂಡು ಕಲಿತವನು ಅವನು. ಯಜಮಾನರು ಛತ್ರಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು.

ಏನು ಮಾಡುತ್ತಿದ್ದ ಅವನು? ಪ್ಲಗ್ಗನ್ನು ಬಿಚ್ಚಿ ಅದರ ಮೂತಿಯನ್ನು ನೋಡುತ್ತಿದ್ದ. ಬಿಸ್ಕತ್ತಿನ ಕಂದು ಬಣ್ಣವಿದ್ದರೆ ಕ್ಷೇಮ. ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಎಣ್ಣೆಯಿಂದ ತೊಯ್ದಿದ್ದರೆ ಒಳಗಿನ ರಿಂಗು ಸವೆದಿದೆ, ಖರ್ಚು ಕಾದಿದೆ. ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗೆ ಕ್ಷಣಕ್ಷಣಕ್ಕೂ ಕೂಡಿ ಬಿಡುವ ಪಾಯಿಂಟುಗಳು ಕರಕಲಾಗಿದ್ದರೆ ಉಪ್ಪುಕಾಗದದಿಂದ ಉಜ್ಜುತ್ತಿದ್ದ. ಅವುಗಳ ನಡುವಣ ಸಂದು ಅಂಗುಲದ ಸಾವಿರ ಭಾಗಗಳಲ್ಲಿ ಸುಮಾರು 15 ಇರಬೇಕು. ಬೇಸಗೆಯಲ್ಲಿ ಘಾಟಿ ಹತ್ತುವಾಗ ಇಂಜಿನು ಕೆಮ್ಮಿ ನಿಂತರೆ, ಕಾವಿಗೆ ಪೆಟ್ರೋಲು ಕೊಳವೆಯಲ್ಲೇ ಕುದಿದು ಆವಿಯಾಗಿದೆ, ಪಂಪು ಆವಿಯನ್ನು ತಳ್ಳಲಾರದು ಎಂದು ಅವನಿಗೆ ಗೊತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಒಂದು ಬೀಡಿ ಹೊತ್ತಿಸುತ್ತಿದ್ದ, ಮಾರು ದೂರ ಹೋಗಿ. ಬೀಡಿ ಮುಗಿಯುವುದರೊಳಗೆ ಕಾರು ಹೊರಡುತ್ತಿತ್ತು ಎಂದಲ್ಲ. ಕೆಲವು ಸಲ ಎರಡು ಮೂರು ಬೀಡಿ ಬೇಕಾಗುತ್ತಿತ್ತು.

ಈ ಜಗತ್ತು ಕರಗಿದ್ದು ಹೊಗೆಯ ಕಾರಣದಿಂದ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಗರದ ಗಾಳಿ ಕೆಟ್ಟು, ಹೊಗೆಯನ್ನು ಹತೋಟಿಯಲ್ಲಿಡುವ ಭಾಗಗಳು ಸರಿಯಾಗಿವೆಯೇ ಎಂದು ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕೆಂಬ ನಿಯಮ ಬಂತು. 1996ರಿಂದ ಆ ದೇಶದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಸಂಕೇತಗಳು, ಒಂದೇ ಬಗೆಯ ಕೂಡುಗುಂಡಿ ಕಡ್ಡಾಯವಾದವು. ನಮ್ಮಲ್ಲಿಯೂ 2000ದ ಆಸುಪಾಸಿನಿಂದ ಕಾರ್ಬ್ಯುರೇಟರು ಮರೆಯಾಗಿ, 2010ರ ದಶಕದಲ್ಲಿ ಇದೇ ವ್ಯವಸ್ಥೆ ಕಾರಿಗೆ ಕಾರಿಗೆ ಬಂತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಹೇನ್ಸ್ 2019ರಲ್ಲಿ ತೀರಿಕೊಂಡ. ಹೊಸ ಮಾದರಿಗಳಿಗೆ ಅಚ್ಚಿನ ಕೈಪಿಡಿ ತರುವುದನ್ನು ನಿಲ್ಲಿಸುವುದಾಗಿ ಅವನ ಸಂಸ್ಥೆ ಮರುವರ್ಷವೇ ಪ್ರಕಟಿಸಿತು.

ಈಗ ಕಾರಿಗೆ ಕಾಯಿಲೆಯಾದರೆ ಚಾಲಕನ ಮುಂದೆ ಒಂದು ಹಳದಿ ದೀಪ ಹತ್ತುತ್ತದೆ. ಏನಾಗಿದೆ ಎಂದು ಅದು ಹೇಳುವುದಿಲ್ಲ. ಕಾರಿಗೆ ಗೊತ್ತು, ಕಂಪನಿಗೆ ಗೊತ್ತಾಗಬಲ್ಲದು. ಸಾಲ ಮಾಡಿ ಕೊಂಡವನಿಗೆ ಮಾತ್ರ ಗೊತ್ತಿಲ್ಲ. ಇದು ನ್ಯಾಯವೇ ಎಂಬ ಪ್ರಶ್ನೆಯನ್ನು ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಎತ್ತಿದರು. ರಿಪೇರಿಗೆ ಬೇಕಾದ ಮಾಹಿತಿಯನ್ನು ಮಾಲೀಕರಿಗೂ ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕೆಂದು ಭಾರಿ ಬಹುಮತದಿಂದ ತೀರ್ಮಾನಿಸಿದರು. 2020ರಲ್ಲಿ, ಕಾರು ನಿಸ್ತಂತು ಮೂಲಕ ಕಂಪನಿಗೆ ಕಳಿಸುವ ಮಾಹಿತಿಗೂ ಅದನ್ನು ವಿಸ್ತರಿಸಿದರು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕನ್ನು ಕುರಿತು ಒಂದು ಸಮಿತಿ ನೇಮಿಸಿತು. ಅದು ಕೈಗೆತ್ತಿಕೊಂಡ ವಸ್ತುಗಳಲ್ಲಿ ಮೋಟಾರು ವಾಹನವೂ ಒಂದು.

ಸಂಕೇತವನ್ನು ಓದುವ ಉಪಕರಣ ಈಗ ಅಂಗೈಯಗಲ. ಸ್ಟಿಯರಿಂಗಿನ ಕೆಳಗಿನ ಕೂಡುಗುಂಡಿಗೆ ಸಿಕ್ಕಿಸಿದರೆ ನಮ್ಮ ಮೊಬೈಲಿನಲ್ಲೇ ಉತ್ತರ ಮೂಡುತ್ತದೆ. 'ಪಿ-0301' ಎಂದು ಬಂತೆನ್ನಿ: ಒಂದನೆಯ ಸಿಲಿಂಡರಿನಲ್ಲಿ ಮಿಶ್ರಣ ಸರಿಯಾಗಿ ಉರಿಯುತ್ತಿಲ್ಲ. ಸಾಮಾನ್ಯವಾಗಿ ಕಾರಿನ ಗಣಕಯಂತ್ರ ಅದನ್ನು ಕಂಡುಹಿಡಿಯುವುದು, ಆ ಸಿಲಿಂಡರಿನ ಸರದಿ ಬಂದಾಗ ಇಂಜಿನಿನ ತಿರುಗಾಟ ಒಂದು ಕೂದಲೆಳೆಯಷ್ಟು ಕುಗ್ಗುವುದನ್ನು ಗಮನಿಸಿ. ಫೋರ್ಡ್ ಕಾರಿನ ರೈತ ಬೆರಳಿಟ್ಟು ಕಿವಿಗೊಟ್ಟು ಕೇಳುತ್ತಿದ್ದ ಪ್ರಶ್ನೆಯೂ ಇದೇ ತಾನೆ!

ಆದರೆ ಸಂಕೇತ ಹೇಳುವುದು ಲಕ್ಷಣವನ್ನು, ಕಾರಣವನ್ನಲ್ಲ. ಪ್ಲಗ್ಗು ಕೆಟ್ಟಿರಬಹುದು, ಕಿಡಿ ಕೊಡುವ ಕಾಯಿಲು ಕೆಟ್ಟಿರಬಹುದು, ಪೆಟ್ರೋಲು ಚಿಮ್ಮಿಸುವ ಸೂಜಿಬಾಯಿ ಕಟ್ಟಿರಬಹುದು. ಹಳೆಯ ಡ್ರೈವರನಂತೆ ಓಡುವ ಇಂಜಿನಿನ ಪ್ಲಗ್ಗಿನ ತಂತಿ ಕಿತ್ತು ನೋಡುವ ಸಾಹಸ ಈಗ ಸಲ್ಲದು. ಮೈಗೂ ಪೆಟ್ಟು, ಕಾರಿಗೂ ನಷ್ಟ. ಒಂದೊಂದು ಸಿಲಿಂಡರಿಗೂ ಒಂದೊಂದು ಕಾಯಿಲು ಇರುವ ಕಾರಾದರೆ, ಇಂಜಿನು ನಿಲ್ಲಿಸಿ, ಆರಗೊಟ್ಟು, ಒಂದನೆಯ ಕಾಯಿಲನ್ನು ಎರಡನೆಯದರ ಜಾಗಕ್ಕೂ ಎರಡನೆಯದನ್ನು ಒಂದನೆಯದಕ್ಕೂ ಬದಲಿಸಿ. ಹಳೆಯ ಸಂಕೇತವನ್ನು ಅಳಿಸಿ ಸ್ವಲ್ಪ ದೂರ ಓಡಿಸಿ ಬನ್ನಿ. ಮತ್ತೆ 'ಪಿ-0301' ಎಂದೇ ಬಂದರೆ ಕಾಯಿಲು ನಿರಪರಾಧಿ; ಪ್ಲಗ್ಗಿನ ಕಡೆ ತಿರುಗಿ. ಈ ಸಲ 'ಪಿ-0302' ಎಂದು ಬಂದರೆ, ರೋಗ ಕಾಯಿಲಿನ ಜೊತೆಗೇ ಜಾಗ ಬದಲಿಸಿದೆ. ಅಂಗಡಿಗೆ ಹೋಗಿ ಅದೊಂದನ್ನೇ ಕೊಂಡು ತಂದರೆ ಸಾಕು.