ಬೀದಿ ಸುರಕ್ಷತಾ ಯೋಜನೆ, ಚಿತ್ರದುರ್ಗ ಜಿಲ್ಲೆ

ಪಾದಚಾರಿ, ಸೈಕಲ್ ಸವಾರ ಮತ್ತು ವಾಹನ ಚಾಲಕರು ಒಂದೇ ರಸ್ತೆಯನ್ನು ಅಪಾಯವಿಲ್ಲದೆ ಬಳಸುವಂತೆ ರೂಪಿಸುವ ಸ್ಥಳೀಯ ಯೋಜನಾ ಕಾರ್ಯ. 1988ರ ಮೋಟಾರು ವಾಹನ ಕಾಯ್ದೆಯ 215ನೇ ಪ್ರಕರಣ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅವಕಾಶ ಕೊಟ್ಟಿದೆ. ಜಿಲ್ಲಾಧಿಕಾರಿ ಇದರ ಅಧ್ಯಕ್ಷರು. ಪೊಲೀಸ್, ಸಾರಿಗೆ, ಲೋಕೋಪಯೋಗಿ ಇಲಾಖೆಗಳ ಅಧಿಕಾರಿಗಳು ಇದರಲ್ಲಿರುತ್ತಾರೆ. ಊರೊಳಗಿನ ಬೀದಿಗಳ ಹೊಣೆ ಬಹುಪಾಲು ನಗರ ಸ್ಥಳೀಯ ಸಂಸ್ಥೆಗಳದು.

ಚಿತ್ರದುರ್ಗ, ಹಿರಿಯೂರುಗಳು ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48ರ ಮೇಲಿವೆ. ಹಿರಿಯೂರನ್ನು ಹೆದ್ದಾರಿ 150ಎ ಕೂಡ ಹಾಯುತ್ತದೆ. ಹೊಳಲ್ಕೆರೆ ಚಿತ್ರದುರ್ಗ–ಶಿವಮೊಗ್ಗ ರಸ್ತೆಯಲ್ಲಿದೆ. ದೂರದ ಲಾರಿ ಸಂಚಾರವೂ ಸಂತೆ, ಶಾಲೆಯ ಓಡಾಟವೂ ಕೂಡುವುದೇ ಇಲ್ಲಿನ ಮುಖ್ಯ ತೊಡಕು. ಹೊಸದುರ್ಗದಂಥ ತಾಲ್ಲೂಕು ಕೇಂದ್ರಗಳಲ್ಲಿ ಪೇಟೆಬೀದಿಯೇ ಪ್ರಶ್ನೆ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವಿರಬೇಕು. ವೇಗತಡೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿದ್ದು, ಕಮಾನಿನಂತೆ ಬಾಗಿರಬೇಕು. ಮೊಳದಗಲದ ಚೂಪು ದಿಬ್ಬ ಸೈಕಲ್ಲಿನ ಮುಂಗಾಲಿಯನ್ನು ಎತ್ತಿಹಾಕುತ್ತದೆ. ಸವಾರ ಅದನ್ನು ತಪ್ಪಿಸಲು ಅಂಚಿನ ಮಣ್ಣಿಗೆ ಇಳಿಯುತ್ತಾನೆ. ಇದು ಸಣ್ಣ ಮಾತಲ್ಲ: ರಾಜ್ಯದಲ್ಲಿ 2006–07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆ ಎಂಟನೇ ತರಗತಿಯ ಮಕ್ಕಳನ್ನೇ ರಸ್ತೆಗೆ ತಂದಿತ್ತು. ಮೋಟಾರುರಹಿತ ಸಂಚಾರ ಮತ್ತು ಪಾದಚಾರಿಗಳ ಕುರಿತು ನಿಯಮ ರೂಪಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ರಾಜ್ಯಗಳಿಗೆ ನೀಡಿತು.