ಮಾಂಟೆ ಕ್ರಿಸ್ಟೋ: ಗಣಿಯೂರಿನ ನೆಲದಲ್ಲಿ ಬಿಡಾರ

ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ, ಕ್ಯಾಸ್ಕೇಡ್ ಪರ್ವತಶ್ರೇಣಿಯ ನಡುವೆ, ಸಾಕ್ ನದಿಯ ದಕ್ಷಿಣದ ಕವಲು ಉಗಮಿಸುವ ಎಡೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,800 ಅಡಿಗಳ ಎತ್ತರದಲ್ಲಿ, ಹೊರೆ ಹೊತ್ತು ನಡೆದು ಬಂದ ಪಥಿಕರು ಗುಡಾರ ಹೂಡಿ ಇರುಳು ಕಳೆಯುವ ಬಯಲೊಂದುಂಟು. ಬಾರ್ಲೋ ಎಂಬ ಕಣಿವೆಬಾಯಿಯಿಂದ 4 ಮೈಲಿಗಳಷ್ಟು ಕಾಲ್ನಡೆಯಲ್ಲಿ ಸಾಗಿದವರಿಗಲ್ಲದೆ ಅದು ದೊರೆಯುವುದಿಲ್ಲ. ಫರ್ ಮತ್ತು ಹೆಮ್ಲಾಕ್ ವೃಕ್ಷಗಳ ನೆರಳಿನ ಈ ನೆಲಕ್ಕೆ ಹೊಂದಿಕೊಂಡೇ, 1894ರ ಸುಮಾರಿನಲ್ಲಿ ಸಾವಿರಕ್ಕೂ ಮಿಕ್ಕ ಜನರು ನೆಲೆಸಿದ್ದ ಮಾಂಟೆ ಕ್ರಿಸ್ಟೋ ಎಂಬ ಗಣಿಯೂರು ಇದ್ದಿತೆಂದರೆ, ಇಂದಿನ ನೀರವತೆಯನ್ನು ಕಂಡವರಿಗೆ ನಂಬಿಕೆಯಾಗುವುದು ಕಷ್ಟ.

1889ರ ಬೇಸಗೆಯಲ್ಲಿ ಜೋಸೆಫ್ ಪಿಯರ್‌ಸಾಲ್ ಎಂಬ ಅದಿರನ್ವೇಷಕನು ಎದುರಿನ ಗಿರಿಪಾರ್ಶ್ವದಲ್ಲಿ ಹೊಳೆಯುವ ಶಿಲಾರೇಖೆಯೊಂದನ್ನು ಕಂಡುದೇ ಎಲ್ಲಕ್ಕೂ ಮೂಲವಾಯಿತು. ಡ್ಯೂಮಾನ ಕಾದಂಬರಿಯ ನಿಧಿದ್ವೀಪದ ಹೆಸರನ್ನು ಊರಿಗೂ, ಕಾದಂಬರಿಕಾರನ ಹೆಸರನ್ನು ಅದರ ಮುಖ್ಯ ಬೀದಿಗೂ ಇಟ್ಟರು. ಜಾನ್ ರಾಕ್‌ಫೆಲ್ಲರನ ಹಣವೂ ಪೂರ್ವತೀರದ ಇತರ ಧನಿಕರ ಹಣವೂ ಹರಿದುಬಂದು, 1893ರಲ್ಲಿ ಎವರೆಟ್ ಬಂದರಿನ ಕಡೆಯಿಂದ ರೈಲು ಬಂದಿತು. ಗಣಿಗಳಿಂದ ಅದಿರಿನ ತೊಟ್ಟಿಗಳು ತಂತಿದಾರಿಯಲ್ಲಿ ತೂಗಾಡುತ್ತ ಕೆಳಕ್ಕಿಳಿದವು. ಎವರೆಟ್ಟಿನಲ್ಲಿ ಅದಿರು ಕರಗಿಸುವ ಕುಲುಮೆ ಎದ್ದಿತು. ಅದೇ ವರ್ಷ ದೇಶವನ್ನೆಲ್ಲ ಹಣದ ಮುಗ್ಗಟ್ಟು ಕವಿದಿದ್ದರೂ ಇಲ್ಲಿಯ ಉತ್ಸಾಹ ಕುಗ್ಗಲಿಲ್ಲ. ಜರ್ಮನಿಯಿಂದ ವಲಸೆ ಬಂದ ಫ್ರೆಡ್ರಿಕ್ ಟ್ರಂಪ್ ಎಂಬ ತರುಣನು, ಮುಂದೆ ಅಮೆರಿಕದ ಅಧ್ಯಕ್ಷನಾದವನ ಅಜ್ಜ, ಅಗೆಯುವ ಗೊಡವೆಗೆ ಹೋಗದೆ ಅಗೆಯುವವರಿಗೆ ಊಟ ವಸತಿಗಳನ್ನು ಒದಗಿಸುವ ಗೃಹವನ್ನು ತೆರೆದನು. ಆ ಊರಿನಲ್ಲಿ ಲಾಭ ಕಂಡ ಕೆಲವೇ ಮಂದಿಯಲ್ಲಿ ಅವನೊಬ್ಬನು.

ಈ ಊರಿನ ಅಳಿವಿಗೆ ಜನರು ಅದಿರಿನ ಕೊರತೆಯನ್ನೇ ಕಾರಣವಾಗಿ ಹೇಳುವುದುಂಟು. ಅದು ಸುಳ್ಳಲ್ಲವಾದರೂ, ನೀರಿನ ಪಾಲು ಅದಕ್ಕೆ ಕಡಿಮೆಯಾದುದಲ್ಲವೆಂದು ನನ್ನ ಎಣಿಕೆ. ರೈಲುದಾರಿಯನ್ನು ಸ್ಟಿಲಗ್ವಾಮಿಷ್ ನದಿಯ ಇಕ್ಕಟ್ಟಾದ ಕಮರಿಯೊಳಗೆ, ಬಂಡೆಗಳಲ್ಲಿ ಸುರಂಗಗಳನ್ನು ಕೊರೆದು, ಹೊನಲಿನ ಮಗ್ಗುಲಲ್ಲಿಯೇ ಒಯ್ದಿದ್ದರು. ಕಡಲಿನಿಂದ ಬೀಸುವ ಮೋಡಗಳೆಲ್ಲ ಈ ಶಿಖರಗಳಿಗೆ ತಾಗಿ ಸುರಿಯುವುವು. ಹೊಸ ಹಿಮದ ಮೇಲೆ ಬೆಚ್ಚನೆಯ ಮಳೆ ಬಿದ್ದಾಗ ಎರಡೂ ಒಂದಾಗಿ ಒಮ್ಮೆಲೇ ಕಣಿವೆಗೆ ಇಳಿಯುವುವು. ಹಾಗೆ ನೆರೆಯುಕ್ಕುವ ನದಿಯ ಸ್ವಭಾವವನ್ನು ಬಲ್ಲವರ ಮಾತಿಗೆ ಬೆಲೆ ಕೊಡದೆ, ಹಳಿಗಳನ್ನು ಕಾಂಕ್ರೀಟಿನಲ್ಲಿ ಹೂಳಿದರೆ ಸಾಕೆಂದು ನಂಬಿದ ಇಂಜಿನಿಯರರ ಶ್ರಮವೆಲ್ಲ 1897ರ ನವೆಂಬರಿನ ಪ್ರವಾಹದಲ್ಲಿ ಕೊಚ್ಚಿಹೋಯಿತು. ಒಳಗೆ ಇಳಿದಷ್ಟೂ ಅದಿರು ಬಡವಾಗುತ್ತಿದ್ದುದು ಅಷ್ಟರಲ್ಲಿ ತಿಳಿದಿದ್ದುದರಿಂದ, ರಾಕ್‌ಫೆಲ್ಲರನ ಕಡೆಯವರು ದಾರಿಯನ್ನು ಕೂಡಲೆ ಮರಳಿ ಕಟ್ಟಲು ಮನಸ್ಸು ಮಾಡಲಿಲ್ಲ, ಊರು ಬರಿದಾಯಿತು. ಕೆಲವು ವರ್ಷಗಳ ತರುವಾಯ ದಾರಿಯನ್ನು ಸರಿಪಡಿಸಿ ಗಣಿಗಳನ್ನು ತೆರೆದರೂ, 1907ರ ವೇಳೆಗೆ ದೊಡ್ಡ ಪ್ರಮಾಣದ ಕೆಲಸ ನಿಂತಿತು.

ಆಮೇಲೆ ಬಂದವರು ವಿಹಾರಿಗಳು. ಅವರಿಗಾಗಿ ಇದ್ದ ಅತಿಥಿಗೃಹವು 1983ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದಕ್ಕೂ ಮೊದಲೇ, 1980ರ ಡಿಸೆಂಬರಿನಲ್ಲಿ, ಸಾಕ್ ನದಿಯು ಮೋಟಾರು ರಸ್ತೆಯನ್ನು ಕಿತ್ತುಹಾಕಿದ್ದಿತು. ಇಂದಿನ ಪಥಿಕನು ನಡೆದು ಬರಬೇಕಾಗಿರುವುದು ಈ ನೆರೆಯ ದೆಸೆಯಿಂದಲೇ. ರೈಲಿನ ಎಂಜಿನ್ನನ್ನು ಹಿಂದಕ್ಕೆ ತಿರುಗಿಸುತ್ತಿದ್ದ ಕಬ್ಬಿಣದ ಚಕ್ರಪೀಠವನ್ನು ಅವನು ಇನ್ನೂ ಅಲ್ಲಿ ಕಾಣಬಹುದು.

ಚಿನ್ನ ಬೆಳ್ಳಿಗಳೊಡನೆ ಈ ಬೆಟ್ಟಗಳ ಅದಿರಿನಲ್ಲಿ ಆರ್ಸೆನಿಕ್ ಎಂಬ ಪಾಷಾಣವೂ ಹೇರಳವಾಗಿ ಬೆರೆತಿದ್ದಿತು. ಕುಲುಮೆಯ ಹೊಗೆಯಲ್ಲಿ ಅದು ಎವರೆಟ್ಟಿನ ನೆಲಕ್ಕೆ ಇಳಿದು, 1990ರಲ್ಲಿ ಮನೆಯಂಗಳಗಳ ಮಣ್ಣಿನಲ್ಲಿ ಪತ್ತೆಯಾಗಿ, ಆ ಮಣ್ಣನ್ನೇ ಅಗೆದು ಸಾಗಿಸುವಂತಾಯಿತು. ಬೆಟ್ಟದ ಮೇಲೆಯೂ 2010ರ ದಶಕದಲ್ಲಿ ಅರಣ್ಯ ಇಲಾಖೆಯವರು ಗಣಿಗಳ ಕಸವನ್ನು ಒಂದೆಡೆ ಸೇರಿಸಿ ಮುಚ್ಚಿದರು. ಆದುದರಿಂದ ಅಲ್ಲಿ ಬಿಡಾರ ಬಿಡುವವರು ಗಣಿಬಾಯಿಗಳ ಕೆಳಗಿನ ತೊರೆಗಳಿಂದ ಕುಡಿಯುವ ನೀರನ್ನು ತುಂಬಿಕೊಳ್ಳದಿರುವುದೇ ಲೇಸು. ಕುದಿಸಿದ ನೀರಿನಲ್ಲಿ ಕ್ರಿಮಿಗಳು ಸಾಯುವುವು, ಪಾಷಾಣ ಮಾತ್ರ ಉಳಿಯುವುದು.